ನಗುವ ರೋಬೋಟ್, ಜೊತೆಗೆ ದುಡಿಯುವ ಸಪ್ಲಾಯರ್‌ಗಳು: ಕಾಸರಗೋಡಿನ ಒಂದು ಹೋಟೆಲ್

ಕಾಸರಗೋಡು ಹೊಸ ಬಸ್ ನಿಲ್ದಾಣದ ಸಮೀಪದ ಈ ಹೋಟೆಲಿನಲ್ಲಿ ಅಡುಗೆಮನೆಯಿಂದ ಮೇಜಿನವರೆಗೆ ತಟ್ಟೆಗಳನ್ನು ಹೊತ್ತು ತರುವುದು ಬೆಕ್ಕಿನ ಮುಖದ ಒಂದು ರೋಬೋಟ್. ಅವುಗಳನ್ನು ಎತ್ತಿ ಬಡಿಸುವವರು ಎಂದಿನಂತೆ ಸಪ್ಲಾಯರ್‌ಗಳೇ. ಊಟದ ಬಗ್ಗೆ ಹೇಳಬೇಕಾದುದು ಹೆಚ್ಚಿಲ್ಲ. ನೀರುದೋಸೆ, ಮೀನುಸಾರು ಚೆನ್ನಾಗಿವೆ, ಬಿರಿಯಾನಿ ಸಾಧಾರಣ. ಜನರನ್ನು ಇಲ್ಲಿಗೆ ಸೆಳೆಯುತ್ತಿರುವುದು ಆ ಮುಖ.

ಪರದೆಯ ಮೇಲಿನ ಆ ಮುಖ ದಾರಿ ತೆರವಾಗಿದ್ದರೆ ನಗುತ್ತದೆ, ಯಾರಾದರೂ ಅಡ್ಡ ನಿಂತರೆ ಹುಬ್ಬು ಗಂಟಿಕ್ಕುತ್ತದೆ, ಆಗಲೂ ಸರಿಯದಿದ್ದರೆ ಅಳುಮೋರೆ ಹಾಕುತ್ತದೆ. ಅದರ ಮಾತು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ, ಬದಿಯಡ್ಕ, ಪೆರ್ಲದ ಕಡೆಯಿಂದ ಬರುವ, ಮಲಯಾಳ ಅಷ್ಟಾಗಿ ರೂಢಿಯಿಲ್ಲದ ಹಿರಿಯರು ಮುಖ ನೋಡಿಯೇ ಪಕ್ಕಕ್ಕೆ ಸರಿಯುತ್ತಾರೆ. ಇದು ನಿಜವಾದ ಉಪಕಾರ. ಆದರೆ ಅಳುಮೋರೆಯ ಪರಿಣಾಮ ತಿರುಗುಮುರುಗಾಗಿದೆ: ರೋಬೋಟ್ ಅಳುವುದನ್ನು ನೋಡುವುದಕ್ಕೆಂದೇ ಮಕ್ಕಳು ದಾರಿ ಕಟ್ಟುತ್ತಾರೆ, ಬಿಸಿ ಸಾರು ಹೊತ್ತ ರೋಬೋಟ್ ನಡುದಾರಿಯಲ್ಲಿ ನಿಂತುಬಿಡುತ್ತದೆ, ಸಪ್ಲಾಯರ್ ಕೈಯ ಕೆಲಸ ಬಿಟ್ಟು ಬಂದು ಮಕ್ಕಳನ್ನು ಕರೆದೊಯ್ಯಬೇಕಾಗುತ್ತದೆ. ಹೆತ್ತವರು ಆ ಹೊತ್ತಿಗೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುತ್ತಾರೆ.

ಜೊತೆಗೆ ದುಡಿಯುವವರಿಗೆ ಈ ಮುಖದಿಂದ ಆಗುವ ಪ್ರಯೋಜನ ಇನ್ನೂ ಕಡಿಮೆ. ಅಮೆರಿಕದ ರೀಥಿಂಕ್ ರೋಬೋಟಿಕ್ಸ್ ಕಂಪೆನಿ 2012ರಲ್ಲಿ ಕಾರ್ಖಾನೆಗಳಿಗಾಗಿ ತಂದ ಬ್ಯಾಕ್ಸ್‌ಟರ್ ಎಂಬ ರೋಬೋಟಿಗೂ ಪರದೆಯ ಮೇಲೆ ಕಣ್ಣುಗಳಿದ್ದವು. ತೋಳು ಚಲಿಸುವ ಮೊದಲೇ ಆ ಕಣ್ಣುಗಳು ತೋಳು ಹೋಗಲಿರುವ ಕಡೆಗೆ ಹೊರಳುತ್ತಿದ್ದುದರಿಂದ ಪಕ್ಕದಲ್ಲಿ ನಿಂತ ಕೆಲಸಗಾರನಿಗೆ ಮುನ್ಸೂಚನೆ ಸಿಗುತ್ತಿತ್ತು. ಕಂಪೆನಿ 2018ರಲ್ಲಿ ಮುಚ್ಚಿತಾದರೂ ಆ ಉಪಾಯ ಹಳತಾಗಿಲ್ಲ. ಇಲ್ಲಿನ ಬೆಕ್ಕು ಮಾತ್ರ ಎಡಕ್ಕೆ ತಿರುಗುವಾಗಲೂ ಎದುರಿನ ಗಿರಾಕಿಯನ್ನೇ ನೋಡಿ ನಗುತ್ತಿರುತ್ತದೆ, ಬಿಸಿನೀರಿನ ಜಗ್ಗು ಹಿಡಿದು ಪಕ್ಕದಿಂದ ಬರುವವನಿಗೆ ಅದರ ಮುಂದಿನ ನಡೆ ತಿಳಿಯುವುದಿಲ್ಲ. ಈ ಬಗ್ಗೆ ಕೇಳಿದಾಗ ಒಬ್ಬ ಸಪ್ಲಾಯರ್, ತಾವು ಮುಖವನ್ನು ನೋಡುವುದೇ ಇಲ್ಲ, ಬುಡ ಯಾವ ಕಡೆಗೆ ಹೊರಳುತ್ತದೆ ಎಂಬುದನ್ನಷ್ಟೇ ಗಮನಿಸುತ್ತೇವೆ ಎಂದರು. ನಗುವ ಮುಖಕ್ಕೆ ಹಣ ಕೊಟ್ಟ ಮಾಲೀಕರು, ತಿರುಗುವ ಮೊದಲು ಅತ್ತ ನೋಡುವ ಕಣ್ಣುಗಳನ್ನೂ ಕೇಳಿ ಪಡೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಬಡಿಸುವಿಕೆ ಒಟ್ಟಿನಲ್ಲಿ ಚುರುಕಾಗಿದೆ, ಸಪ್ಲಾಯರ್‌ಗಳ ನಡವಳಿಕೆ ಸೌಜನ್ಯದ್ದು. ಮಧ್ಯಾಹ್ನದ ಗದ್ದಲದ ಹೊತ್ತಿನಲ್ಲಿ ಹೋಗುವವರು ಗೋಡೆಯ ಬದಿಯ ಮೇಜನ್ನು ಕೇಳಿ ಪಡೆಯುವುದು ಒಳ್ಳೆಯದು. ನಡುಸಾಲಿನಲ್ಲಿ ಕುಳಿತರೆ ರೋಬೋಟ್ ಹಾದುಹೋಗುವಾಗಲೆಲ್ಲ ಕುರ್ಚಿಯನ್ನು ಒಳಗೆ ಎಳೆದುಕೊಳ್ಳಬೇಕಾಗುತ್ತದೆ.