ಆಫೀಸ್ ಪ್ರಿಂಟರ್‌ಗೆ ಎನ್‌ಕ್ರಿಪ್ಷನ್: ಐಪಿಪಿಎಸ್ ಸಾಕಾ, ಐಪಿಸೆಕ್ ಬೇಕಾ?

ಪ್ರಿಂಟರ್ ಹಳೇ 9100 ಪೋರ್ಟಲ್ಲಿ (ಎನ್‌ಕ್ರಿಪ್ಷನ್ ಇಲ್ದೆ ಪ್ರಿಂಟ್ ಡೇಟಾ ತಗೊಳ್ಳೋ ದಾರಿ) ಓಡ್ತಾ ಇದ್ರೆ ನೀವು ಕಳ್ಸೋ ಸಂಬಳದ ಪಟ್ಟಿ, ಕಾಂಟ್ರಾಕ್ಟು ಎಲ್ಲ ನೆಟ್‌ವರ್ಕಲ್ಲಿ ಬಿಚ್ಚಿಟ್ಟ ಹಾಗೇ ಹೋಗುತ್ತೆ, ಅದೇ ನೆಟ್‌ವರ್ಕಲ್ಲಿ ಟ್ರಾಫಿಕ್ ಹಿಡಿಯೋಕೆ ಜಾಗ ಸಿಕ್ಕಿದವ್ರು ಓದ್ಬಹುದು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ.

ಐಪಿಪಿಎಸ್ ಅಂದ್ರೆ ಐಪಿಪಿ (ನೆಟ್‌ವರ್ಕ್ ಮೂಲಕ ಪ್ರಿಂಟ್ ಕಳ್ಸೋ ಪ್ರೋಟೊಕಾಲ್) ಪ್ರಿಂಟಿಂಗ್‌ಗೆ ಟಿಎಲ್‌ಎಸ್ (ಎಚ್‌ಟಿಟಿಪಿಎಸ್ ವೆಬ್‌ಸೈಟ್‌ಗಳಲ್ಲಿರೋ ಎನ್‌ಕ್ರಿಪ್ಷನ್ನೇ) ಸೇರಿಸಿದ್ದು, ಪೋರ್ಟ್ 631. ಪ್ರಿಂಟರಿನ ವೆಬ್ ಪೇಜಲ್ಲಿ ಆನ್ ಮಾಡಿ, ಪ್ರಿಂಟರಿನ ಗುರುತು ತೋರಿಸೋ ಸರ್ಟಿಫಿಕೇಟ್ ಹಾಕಿ, ಕಂಪ್ಯೂಟರಲ್ಲಿ ಪ್ರಿಂಟರನ್ನ ಐಪಿಪಿಎಸ್ ವಿಳಾಸದಿಂದ ಹೊಸದಾಗಿ ಸೇರಿಸಿದ್ರೆ ಮುಗೀತು. ಆದ್ರೆ ಕಾಪಾಡೋದು ಪ್ರಿಂಟ್ ಕೆಲಸ ಮಾತ್ರ, ಸ್ಕ್ಯಾನ್ ಮಾಡಿ ಶೇರ್ ಫೋಲ್ಡರ್‌ಗೆ ಕಳ್ಸೋದು, ಎಸ್‌ಎನ್‌ಎಂಪಿ (ಪ್ರಿಂಟರಿನ ಸ್ಥಿತಿ ದೂರದಿಂದ ನೋಡೋ ಪ್ರೋಟೊಕಾಲ್) ಇವೆಲ್ಲ ಹೊರಗೇ ಉಳಿಯುತ್ತೆ.

ಐಪಿಸೆಕ್ ಕೆಳಗಿನ ಐಪಿ ಲೇಯರಲ್ಲೇ (ಎಲ್ಲಾ ಡೇಟಾ ಪ್ಯಾಕೆಟ್ಟೂ ಹಾದುಹೋಗೋ ಹಂತ) ಕೆಲಸ ಮಾಡೋದ್ರಿಂದ ರೂಲ್ ಸರಿಯಾಗಿ ಬರೆದ್ರೆ ಪ್ರಿಂಟರ್ ಮತ್ತೆ ರೂಲಲ್ಲಿರೋ ಇನ್ನೊಂದು ಮಷಿನ್ ಮಧ್ಯದ ಎಲ್ಲಾ ಟ್ರಾಫಿಕ್ಕೂ, 9100 ಕೂಡ, ಎನ್‌ಕ್ರಿಪ್ಟ್ ಆಗುತ್ತೆ. ಕಷ್ಟ ಇರೋದು ಸೆಟಪ್ಪಲ್ಲಿ, ಎರಡೂ ಕಡೆ ಐಕೆಇ (ಕೀ ಒಪ್ಪಂದ ಮಾಡ್ಕೊಳ್ಳೋ ಪ್ರೋಟೊಕಾಲ್) ವರ್ಷನ್, ಎನ್‌ಕ್ರಿಪ್ಷನ್ ಆಲ್ಗಾರಿದಮ್, ಹ್ಯಾಶ್ (ಡೇಟಾ ಬದಲಾಗಿಲ್ಲ ಅಂತ ಪರೀಕ್ಷಿಸೋ ವಿಧಾನ), ಕೀ ಎಲ್ಲ ಹೊಂದಬೇಕು, ಒಂದು ತಪ್ಪಿದ್ರೂ ಕನೆಕ್ಷನ್ನೇ ಆಗಲ್ಲ. ಜೊತೆಗೆ ಐಪಿಸೆಕ್‌ನ ಎರಡು ವಿಧಗಳಲ್ಲಿ ಎನ್‌ಕ್ರಿಪ್ಟ್ ಮಾಡೋ ಇಎಸ್‌ಪಿ ಆಯ್ಕೆ ಮಾಡಿ, ಬರೀ ಎಎಚ್ (ಡೇಟಾ ಅಸಲಿಯಾ ಅಂತ ಮಾತ್ರ ನೋಡೋದು) ಹಾಕಿದ್ರೆ ಡೇಟಾ ಎನ್‌ಕ್ರಿಪ್ಟ್ ಆಗೋದೇ ಇಲ್ಲ. ಇನ್ನೊಂದು, ರೂಲ್ ಆನ್ ಮಾಡೋ ಮುಂಚೆ ಅಡ್ಮಿನ್ ಕಂಪ್ಯೂಟರ್‌ಗೆ ಎಚ್‌ಟಿಟಿಪಿಎಸ್ ದಾರಿ ಬಿಟ್ಕೊಳ್ಳಿ, ಇಲ್ಲಾಂದ್ರೆ ಪ್ರಿಂಟರಿನ ಸೆಟಿಂಗ್ಸ್‌ಗೆ ನಿಮಗೇ ಹೋಗೋಕಾಗಲ್ಲ.

ನನ್ನ ಕೇಳಿದ್ರೆ ಪ್ರಿಂಟ್ ಅಷ್ಟೇ ಮಾಡೋ ಚಿಕ್ಕ ಆಫೀಸ್‌ಗೆ ಐಪಿಪಿಎಸ್ಸೇ ಸರಿ, 9100 ಮಾತ್ರ ಮರೀದೆ ಆಫ್ ಮಾಡಿ. ಸ್ಕ್ಯಾನೂ ಗುಟ್ಟಾಗಿರಬೇಕು, ನೋಡ್ಕೊಳ್ಳೋಕೆ ಐಟಿಯವ್ರೂ ಇದಾರೆ ಅಂದ್ರೆ ಐಪಿಸೆಕ್‌ಗೆ ಹೋಗಿ.