ಫ್ರಿಜ್ ಇಲ್ಲದ ಮನೆಯಲ್ಲಿ 19 ಲೀಟರ್ ಕೆಗ್: ಎರಡು ವರ್ಷದ ಬಳಕೆ

ಮೊದಲ ಆರು ತಿಂಗಳು ಲೋಟಕ್ಕೆ ಬಂದದ್ದು ಬರೀ ನೊರೆ.

ಉಡುಪಿಯ ಮನೆಯಲ್ಲಿ ಶುಂಠಿ ಬಿಯರ್ ಮಾಡಿ ತುಂಬಿಡಲೆಂದು 7,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಕೆಗ್ ತಗೊಂಡೆ. ಕೆಗ್ ಅಂದರೆ ಪಾನೀಯಕ್ಕೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಒತ್ತಿ ತುಂಬಿಡುವ ಸ್ಟೀಲ್ ಡಬ್ಬ. ಅದಕ್ಕೆಂದೇ ಇನ್ನೊಂದು ಫ್ರಿಜ್ ಇಡಲು ದುಡ್ಡೂ ಇಲ್ಲ, ಜಾಗವೂ ಇಲ್ಲ. ಇರುವ ಫ್ರಿಜ್ ಮೀನಿಗೇ ಸಾಲುವುದಿಲ್ಲ. ಮಾರಿದವರು ಗ್ಯಾಸಿನ ಒತ್ತಡ 12 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅಳತೆಯೇ) ಇಟ್ಟರೆ ಸಾಕು ಅಂದರು. ಅದು ಫ್ರಿಜ್ಜಿನೊಳಗಿನ 4 ಡಿಗ್ರಿಯ ಲೆಕ್ಕ ಎಂದು ಹೇಳಲೇ ಇಲ್ಲ. ಬಿಸಿ ಏರಿದಷ್ಟೂ ಗ್ಯಾಸ್ ಒಳಗೆ ಕರಗಿ ನಿಲ್ಲುವುದಿಲ್ಲ. ನಮ್ಮ ಏಪ್ರಿಲ್‌ನ 33 ಡಿಗ್ರಿಗೆ ಅಷ್ಟೇ ಗ್ಯಾಸ್ ಉಳಿಯಲು 40ರ ಮೇಲೆ ಬೇಕು. ಕೆಗ್ 130ರವರೆಗೆ ತಾಳುತ್ತದೆ, ಆ ಹೆದರಿಕೆ ಬೇಡ. ಆದರೆ ನಲ್ಲಿ ಒತ್ತಿದರೆ ನೊರೆ, ಕೈಯೆಲ್ಲ ಅಂಟು. ಒದ್ದೆ ಗೋಣಿ ಸುತ್ತಿಟ್ಟೆ. ಹುಬ್ಬಳ್ಳಿಯ ಒಣಗಾಳಿಗೆ ಅದು ನಡೆದೀತು. ಇಲ್ಲಿಯ ಸೆಕೆಗೆ ನೀರು ಆರುವುದೇ ಇಲ್ಲ, ಗೋಣಿಗೆ ಬೂಷ್ಟು ಬಂತು.

ಮಾರಿಯೇ ಬಿಡುತ್ತೇನೆ ಎಂದಾಗ ಅಮ್ಮ ಹೇಳಿದರು: "ಒಮ್ಮೆ ಬಾವಿಗೆ ಇಳಿಸಿ ನೋಡು ಮಾರಾಯ."

ನಮ್ಮದು ಮುರಕಲ್ಲಿನ ಬಾವಿ. ನೀರು ಮಧ್ಯಾಹ್ನವೂ 27 ಡಿಗ್ರಿ, ರಾತ್ರಿಯೂ 27. ಈಗ ಗ್ಯಾಸ್ 35ಕ್ಕೆ ತುಂಬಿ, ಪೈಪ್ ಕಳಚಿ, ಕೆಗ್ ಚೆನ್ನಾಗಿ ತೊಳೆದು ಹಗ್ಗ ಕಟ್ಟಿ ಇಳಿಸುತ್ತೇನೆ. ತುಂಬಿದ ಕೆಗ್ ಸುಮಾರು 23 ಕೆಜಿ, ಮುಳುಗುತ್ತದೆ. ಅರ್ಧ ಖಾಲಿಯಾದರೆ ತೇಲುತ್ತದೆ, ಹಾಗಾಗಿ ಹಳೆಯ ರುಬ್ಬುಕಲ್ಲಿನ ಗುಂಡು ಜೊತೆಗೆ ಕಟ್ಟಿದ್ದೇನೆ. ಮುಚ್ಚಳದ ರಬ್ಬರ್ ಉಂಗುರ ಸೋರಿದರೆ ನೀರಿನಲ್ಲಿ ಗುಳ್ಳೆ ಎದ್ದು ಅಲ್ಲೇ ಗೊತ್ತಾಗುತ್ತದೆ. ಅದು ನಾನು ನೆನೆಸದೇ ಇದ್ದ ಲಾಭ.

ಭಾನುವಾರ ಸಂಜೆ ರಾಟೆ ಕಿರುಗುಟ್ಟುತ್ತದೆ, ಕೆಗ್ ನೀರು ಸುರಿಸುತ್ತ ಮೇಲೆ ಬರುತ್ತದೆ. ಬೈರಾಸಿನಲ್ಲಿ ಒರೆಸಿ, ಮಲ್ಪೆಯಿಂದ ತಂದ ಐಸ್ ತುಂಬಿದ ಟಬ್ಬಿನಲ್ಲಿ ಎರಡು ಗಂಟೆ ಕೂರಿಸುತ್ತೇನೆ. ಆಮೇಲೆ ಮುಚ್ಚಳದ ಮೇಲಿನ ಗ್ಯಾಸ್ ಬಿಡುವ ಕವಾಟದ ಉಂಗುರ ಎಳೆದು ಒತ್ತಡ ಇಳಿಸುವಾಗ ಅಂಗಳಕ್ಕೆಲ್ಲ ಶುಂಠಿಯ ಪರಿಮಳ. ಲೋಟಕ್ಕೆ ಎರಡು ಬೆರಳಿನಷ್ಟೇ ನೊರೆ. ಅದನ್ನು ಮೊದಲ ಸಲ ಕಂಡ ದಿನ ಅಮ್ಮನಿಗೇ ಮೊದಲ ಲೋಟ ಕೊಟ್ಟೆ.

ಒಂದು ಮಾತು: ಸಕ್ಕರೆ ಪೂರ್ತಿ ಹುದುಗಿ ಮುಗಿದ ಮೇಲೆಯೇ ತುಂಬಿ. ಸಿಹಿ ಉಳಿದಿದ್ದರೆ ಈ ಬಿಸಿಗೆ ಹುದುಗು ಒಳಗೇ ಕೆಲಸ ಮುಂದುವರಿಸುತ್ತದೆ, ಒತ್ತಡ ಏರುತ್ತಲೇ ಹೋಗುತ್ತದೆ.

ಜುಲೈನಲ್ಲಿ ನೀರು ಕೈಗೆ ಸಿಗುವಷ್ಟು ಮೇಲೆ ಉಂಟು, ಒಬ್ಬನೇ ಎತ್ತುತ್ತೇನೆ. ಮೇ ತಿಂಗಳಲ್ಲಿ ಇಬ್ಬರು ಬೇಕು. ಬಾವಿ ಇದ್ದವರು ಧೈರ್ಯವಾಗಿ ತಗೊಳ್ಳಿ. ಫ್ಲ್ಯಾಟಿನವರು ಮೊದಲು ಫ್ರಿಜ್‌ಗೆ ದುಡ್ಡು ಕೂಡಿಡಿ.