ಡಿಡಿಜೆ-ಎಫ್‌ಎಲ್‌ಎಕ್ಸ್4: ತಮಟೆ ಪಕ್ಕದಲ್ಲಿಟ್ಟು ನೋಡಿದರೆ

ಚಿಕ್ಕಬಳ್ಳಾಪುರದ ಕಡೆ ಮದುವೆ ಮೆರವಣಿಗೆಗೆ ಡಿಜೆ ಹೇಳಿದವರಿಗೆಲ್ಲ ಒಂದು ಅನುಮಾನ ಇದ್ದೇ ಇರುತ್ತೆ: ಹುಡುಗ ನಿಜಕ್ಕೂ ನುಡಿಸ್ತಿದ್ದಾನಾ, ಇಲ್ಲ ಒಂದು ಗಂಟೆಯ ಫೈಲ್ ಹಾಕಿ ನಾಬ್ ಸವರುತ್ತಿದ್ದಾನಾ? ಪಯೋನಿಯರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಅನ್ನುವ ಈ ಎರಡು ಚಾನೆಲ್ ಕಂಟ್ರೋಲರ್‌ನಲ್ಲಿ, ಅಂದರೆ ಎರಡು ಹಾಡು ಬೆರೆಸುವ ಪೆಟ್ಟಿಗೆಯಲ್ಲಿ, ಎರಡೂ ಸಾಧ್ಯ.

ಇದಕ್ಕೆ ಪೆನ್‌ಡ್ರೈವ್ ಚುಚ್ಚುವ ಜಾಗವಿಲ್ಲ. ರೆಕಾರ್ಡ್‌ಬಾಕ್ಸ್ ಅಥವಾ ಸೆರಾಟೊ ಅನ್ನೋ ಡಿಜೆ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಬೇಕು, ಇಲ್ಲವೇ ಫೋನ್. ತೂಕ ಸುಮಾರು 2 ಕೆಜಿ.

ಸ್ಮಾರ್ಟ್ ಫೇಡರ್ ಅಂತ ಒಂದು ಸೌಲಭ್ಯ ಕೊಟ್ಟಿದ್ದಾರೆ. ಅದನ್ನು ಆನ್ ಮಾಡಿ, ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಕ್ರಾಸ್‌ಫೇಡರ್ ಎಳೆದರೆ ವೇಗ, ವಾಲ್ಯೂಮ್, ಬೇಸ್ ಮೂರನ್ನೂ ಯಂತ್ರವೇ ಸರಿಮಾಡಿಕೊಳ್ಳುತ್ತೆ. ಕಲಿಯುವ ಮೊದಲ ವಾರಕ್ಕೆ ಪರವಾಗಿಲ್ಲ. ಕಾಸು ಕೊಟ್ಟು ಕರೆಸಿದವರ ಮುಂದೆ ಬೇಡ. ಸಿಂಕ್ ಬಟನ್ ಬೇರೆ ಮಾತು. ಅದು ಎರಡು ಹಾಡಿನ ಬೀಟ್ ಕೂಡಿಸುವ ಕೂಲಿ ಕೆಲಸವನ್ನಷ್ಟೇ ಉಳಿಸುತ್ತೆ. ಯಾವ ಹಾಡು, ಯಾವಾಗ, ಬೇಸ್ ಎಲ್ಲಿ ಬದಲಿಸಬೇಕು ಅನ್ನೋದು ಇನ್ನೂ ನಿಮ್ಮದೇ.

ಸಿಂಕ್ ಕೈಕೊಡುವುದು ತಮಟೆ ಜೊತೆಯಾದಾಗ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಮುನಿವೆಂಕಟಪ್ಪನವರ ಜಿಲ್ಲೆ ಇದು. ಇಲ್ಲಿ ತಮಟೆಯವರು ಡಿಜೆಗೋಸ್ಕರ ಕಾಯಲ್ಲ. ಕುಣಿತ ಏರಿದ ಹಾಗೆ ವೇಗವೂ ಏರುತ್ತೆ, ಅದು ಸಾಫ್ಟ್‌ವೇರ್‌ನ ಗ್ರಿಡ್‌ಗೆ, ಅಂದರೆ ಹಾಡಿಗೆ ಹಾಕಿಟ್ಟ ಬೀಟ್ ಗುರುತುಗಳಿಗೆ, ಗೊತ್ತಾಗಲ್ಲ. ಸಿಂಕ್ ಆಫ್ ಮಾಡಿ, ಹಾಡಿನ ವೇಗ ಬದಲಿಸುವ ಟೆಂಪೊ ಸ್ಲೈಡರ್ ಕೈಯಲ್ಲಿ ಹಿಡೀಬೇಕು. ರೇಂಜ್ ±6%ರಲ್ಲಿದ್ದರೆ 100 ಬಿಪಿಎಂ (ನಿಮಿಷಕ್ಕೆ 100 ಬೀಟ್) ಹಾಡು 94ರಿಂದ 106ರ ಆಚೆ ಹೋಗಲ್ಲ. ±16%ಕ್ಕೆ ಹಾಕಿದರೆ 84ರಿಂದ 116. ಆದರೆ ಸ್ಲೈಡರ್ ಗಿಡ್ಡ. ರೇಂಜ್ ಹೆಚ್ಚಿಸಿದರೆ ಕೂದಲೆಳೆಯಷ್ಟು ಅಲುಗಿದರೂ ಬೀಟ್ ಜಾರುತ್ತೆ. ಅದಕ್ಕೆ ಸ್ಲೈಡರ್‌ನಲ್ಲಿ ಹತ್ತಿರ ತಂದು, ಉಳಿದದ್ದನ್ನು ಜಾಗ್ ಚಕ್ರದ ಅಂಚು ಹಿಡಿದು ತಳ್ಳಿ. ವೇಗ ಬದಲಾದರೂ ಶ್ರುತಿ ಹಿಡಿದಿಡುವ ಮಾಸ್ಟರ್ ಟೆಂಪೊ ಆನ್ ಇರಲಿ, ಇಲ್ಲದಿದ್ದರೆ ಹಾಡುವವರ ದನಿ ಕೀರಲಾಗುತ್ತೆ.

ಹಳೆಯ ಜಾನಪದ ರೆಕಾರ್ಡಿಂಗ್‌ಗಳದ್ದು ಇನ್ನೊಂದು ತಕರಾರು. ಕ್ಲಿಕ್ (ಲಯ ಹಿಡಿಯಲು ಕೇಳಿಸುವ ಟಿಕ್ ಸದ್ದು) ಇಲ್ಲದೆ ನುಡಿಸಿದ್ದರಿಂದ ಲಯ ಅಲ್ಲಲ್ಲಿ ಓಡುತ್ತೆ. ಅವನ್ನು ರೆಕಾರ್ಡ್‌ಬಾಕ್ಸ್‌ನಲ್ಲಿ ವಿಶ್ಲೇಷಿಸುವಾಗ ನಾರ್ಮಲ್ ಬಿಟ್ಟು ಡೈನಾಮಿಕ್ ಆಯ್ಕೆ ಮಾಡಿ. ತಿಶ್ರ ನಡೆಯ (ಮೂರರ ಎಣಿಕೆಯ) ಹಾಡಿಗೆ ಬಿಪಿಎಂ ಒಂದೂವರೆ ಪಟ್ಟು ತಪ್ಪಾಗಿ ಬರಬಹುದು, ನಾಲ್ಕು ಬೀಟಿನ ಲೂಪ್ (ಮತ್ತೆ ಮತ್ತೆ ಸುತ್ತುವ ತುಂಡು) ಹಾಕಿದರಂತೂ ಕುಣಿಯುವವರ ಕಾಲು ತಡವರಿಸುತ್ತೆ. ಬಟನ್ ಒತ್ತಿದ್ದನ್ನು ಗ್ರಿಡ್‌ಗೆ ಎಳೆಯುವ ಕ್ವಾಂಟೈಸ್ ತೆಗೆದು, ಇನ್-ಔಟ್ ಬಟನ್‌ಗಳಲ್ಲಿ ಕೈಯಾರೆ ಲೂಪ್ ಕತ್ತರಿಸಿ.

ನಮ್ಮ ದೊಡ್ಡ ದೂರು ಹಿಂಬದಿಯದ್ದು. ಸೌಂಡ್ ಹೊರಹೋಗುವ ಮಾಸ್ಟರ್ ಔಟ್ ಮನೆ ಸ್ಟೀರಿಯೊದ ಆರ್‌ಸಿಎ ಪಿನ್ ಮಾತ್ರ, ಉದ್ದ ಎಳೆದರೂ ಗದ್ದಲ ಹಿಡಿಯದ ಎಕ್ಸ್‌ಎಲ್‌ಆರ್ ಇಲ್ಲ, ಡಿಜೆಯ ಪಕ್ಕದ ಸ್ಪೀಕರ್‌ಗೆ ಹೋಗುವ ಬೂತ್ ಔಟ್ ಕೂಡ ಇಲ್ಲ. ಸ್ಟೇಜಿನಿಂದ ಸೌಂಡ್ ಮಿಕ್ಸರ್‌ಗೆ ಹತ್ತು ಮೀಟರ್ ಆರ್‌ಸಿಎ ಎಳೆದರೆ ಗುಂಯ್‌ಗುಡುವ ಶಬ್ದ ಗ್ಯಾರಂಟಿ, ಜನರೇಟರ್ ಗಾಡಿಯಾದರೆ ಇನ್ನೂ ಜಾಸ್ತಿ. ಕಂಟ್ರೋಲರ್ ಪಕ್ಕದಲ್ಲೇ ಸ್ಟೀರಿಯೊ ಡಿಐ ಬಾಕ್ಸ್ (ಆರ್‌ಸಿಎ ಸಿಗ್ನಲನ್ನು ಎಕ್ಸ್‌ಎಲ್‌ಆರ್‌ಗೆ ಹೊಂದಿಸುವ ಪೆಟ್ಟಿಗೆ) ಇಟ್ಟು, ಅಲ್ಲಿಂದ ಎಕ್ಸ್‌ಎಲ್‌ಆರ್ ಎಳೆಸಿ; ಗುಂಯ್ ನಿಲ್ಲದಿದ್ದರೆ ಡಿಐನ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಆಗಲೂ ಉಳಿದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಸಾಮಾನ್ಯವಾಗಿ ಕಳ್ಳ ಅಲ್ಲೇ ಇರ್ತಾನೆ. ಯುಎಸ್‌ಬಿ ಹಬ್ ಬೇಡ, ನೇರ ಚುಚ್ಚಿ. ಪಟಪಟ ಸದ್ದು ಬಂದರೆ ಸಾಫ್ಟ್‌ವೇರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ ಸೈಜ್ ಒಂದು ಹೆಜ್ಜೆ ಹೆಚ್ಚಿಸಿ.

ಮಂಟಪದ ಕೆಲಸಕ್ಕೆ, ಡಿಐ ಖರ್ಚು ಸೇರಿಸಿಕೊಂಡೂ, ತಗೋಬಹುದು. ರಸ್ತೆ ಮೆರವಣಿಗೆಯೇ ಮುಖ್ಯ ಅನ್ನುವವರು ಎಕ್ಸ್‌ಎಲ್‌ಆರ್ ಇರುವ ದೊಡ್ಡದನ್ನೇ ನೋಡಲಿ.

ಡಿಜೆ ಕರೆಸುವವರಿಗೂ ಒಂದು ಮಾತು. ಮುಂಗಡ ಕೊಡುವ ಮೊದಲು ಎರಡು ಹಾಡು ಹಾಕಿಸಿ, ಒಂದರ ಲೋ (ಬೇಸ್) ನಾಬ್ ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿ: ಆ ಹಾಡಿನ ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಮಾಯವಾಗಬೇಕು. ಆಮೇಲೆ ಹಾಡಿನ ವಾಲ್ಯೂಮ್ ಇಳಿಸಿ, ತಮಟೆಗೆ ಒಂದು ನಿಮಿಷ ಬಿಟ್ಟುಕೊಟ್ಟು, ಅದೇ ಲಯಕ್ಕೆ ವಾಪಸ್ ಸೇರಲಿ. ಫೈಲ್ ಹಾಕಿ ನಿಂತವನಿಗೆ ಅದು ಆಗಲ್ಲ.